ಒಂಬತ್ತು ಕಬ್ಬಿಣದ ಅಕ್ಷರ

ಮೊನ್ನೆ ನಿಜಲಿಂಗಪ್ಪ ಬಡಾವಣೆಯ ಮಗಳ ಮನೆಗೆ ಹೋದಾಗ ಗೇಟಿಗೆ ಬಣ್ಣ ಬಳಿಯುವ ಕೆಲಸ ನಡೆದಿತ್ತು. ಪೇಂಟಿನವನು ಹಳೆ ಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಕಂಬಿಯ ತುಕ್ಕು ಉಜ್ಜುತ್ತಿದ್ದ. ನಾನು ಚಪ್ಪಲಿ ಬಿಡುವುದನ್ನೂ ಮರೆತು ಅಲ್ಲೇ ನಿಂತುಬಿಟ್ಟೆ. "ಅಮ್ಮಾ, ಆ ವಾಸನಿಗೆ ತಲಿ ನೋವು ಬರ್ತೈತೆ, ಒಳಗೆ ಬಾ" ಎಂದು ಮಗಳು ಕರೆದಳು. ತಲೆನೋವಂತೆ! ತುಕ್ಕೂ ಸೀಮೆಎಣ್ಣೆಯೂ ಕೂಡಿದ ಆ ವಾಸನೆ ಮೂಗಿಗೆ ಬಿದ್ದರೆ ನನಗೆ ಇವತ್ತಿಗೂ ಖುಷಿಯಾಗುತ್ತದೆ. ಹತ್ತೊಂಬತ್ತರ ಸೊಸೆಯಾಗಿ ಪಡಸಾಲೆಯ ಕಲ್ಲುಹಾಸಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಇಂಗ್ಲಿಷ್ ಅಕ್ಷರಗಳನ್ನು ಉಜ್ಜಿದ ಮಳೆಗಾಲ ಅದರ ಹಿಂದೆಯೇ ಬರುತ್ತದೆ.

ಆಗ ರಾಜ್ಯಗಳು ಒಂದಾಗಿ ಎರಡೋ ಮೂರೋ ವರ್ಷವಾಗಿತ್ತು. ನನ್ನ ತವರು ಹರಿಹರ. ಅಪ್ಪ ಕನ್ನಡ ಶಾಲೆಯ ಮೇಷ್ಟ್ರು. ನಾನು ಎಸ್ಸೆಸ್ಸೆಲ್ಸಿಯಲ್ಲಿ ಉಳಿದೆಲ್ಲ ವಿಷಯ ಪಾಸಾಗಿ ಇಂಗ್ಲಿಷಿನಲ್ಲಿ ಮಾತ್ರ ಮಗುಚಿ ಬಿದ್ದಿದ್ದೆ. ಒಂದೇ ಒಂದು ವಿಷಯ. ಆದರೆ ಊರ ಬಾಯಲ್ಲಿ ನಾನು ಪೂರಾ ಫೇಲು. ಹೆಣ್ಣು ನೋಡಲು ಬಂದವರೆಲ್ಲ "ಎಸ್ಸೆಸ್ಸೆಲ್ಸಿ ಫೇಲಾದ ಹುಡುಗಿ ಅಲ್ಲೇನ್ರಿ?" ಎಂದೇ ಮಾತು ಶುರು ಮಾಡುತ್ತಿದ್ದರು. ಹುಡುಗಿ ಕರ್ರಗೆ ಅಂದರೂ ತಡೆದುಕೊಳ್ಳುತ್ತಿದ್ದೆನೇನೋ, ಈ ಮಾತು ಮಾತ್ರ ಮೈ ಉರಿಸುತ್ತಿತ್ತು. ಅಕ್ಟೋಬರ್ ಪರೀಕ್ಷೆಗೆ ಕೂತು ಆ ಒಂದು ವಿಷಯ ಕಟ್ಟಿ ಮುಗಿಸಬೇಕು, ಫೇಲು ಎಂಬ ಶಬ್ದವನ್ನು ನನ್ನ ಮೈಮೇಲಿಂದ ಕೆರೆದು ತೆಗೆಯಬೇಕು ಎಂಬುದೇ ನನ್ನ ಆಸೆ. ಅಷ್ಟರಲ್ಲಿ ಮದುವೆ ಗೊತ್ತಾಯಿತು. ಯುಗಾದಿ ಕಳೆದ ಮೇಲೆ ದಿಬ್ಬಣದ ಜೊತೆ ರೈಲು ಹತ್ತಿ ದಾವಣಗೆರೆಗೆ ಬಂದೆ. ಅದಕ್ಕೆ ಮುಂಚೆ ಈ ಊರಿಗೆ ಬಂದಿದ್ದರೆ ಬಸ್ಸಿನಲ್ಲಿ ಬಂದದ್ದು, ಅದೂ ಎರಡು ಸಲವೋ ಮೂರು ಸಲವೋ. ಮದುಮಗಳು ತಲೆ ಎತ್ತಬಾರದಲ್ಲ. ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಸ್ಟೇಷನ್ನಿನಲ್ಲಿ ಇಳಿದೆ. ಕಂಡದ್ದು ನನ್ನ ಕಾಲುಂಗುರ, ಮುಂದೆ ಹೋಗುವವರ ಹಿಮ್ಮಡಿ, ಆಮೇಲೆ ಜಟಕಾದ ಮೆಟ್ಟಿಲು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮ ಮಾವನವರು ಕೊಟ್ರಪ್ಪ, ಹತ್ತಿ ದಲ್ಲಾಳಿ. ರೈತರು ತಂದ ಹತ್ತಿಯನ್ನು ಮಿಲ್ಲಿನವರಿಗೆ ಕೊಡಿಸುವ ಕೆಲಸ. ದಾವಣಗೆರೆ ಪೇಟೆಯಲ್ಲಿ ಆಗ ದರವನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಇರಲಿಲ್ಲ. ಇಬ್ಬರು ಕೈ ಕೈ ಹಿಡಿದುಕೊಂಡು ಮೇಲೆ ವಲ್ಲಿ, ಅಂದರೆ ಹೆಗಲ ವಸ್ತ್ರ, ಮುಚ್ಚುತ್ತಿದ್ದರು. ವಲ್ಲಿಯ ಕೆಳಗೆ ಬೆರಳುಗಳೇ ಮಾತಾಡುತ್ತಿದ್ದವು. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಕೈ ಹಿಡಿದರೆ ಐದು. ಐದರ ಮೇಲಾದರೆ ಇಡೀ ಕೈ ಹಿಡಿದು ಆಮೇಲೆ ಬೆರಳು ಸೇರಿಸಬೇಕು. ಹತ್ತರ ಲೆಕ್ಕ ಹೇಳುವಾಗ ಹಿಡಿದ ಬೆರಳನ್ನು ಗಟ್ಟಿಯಾಗಿ ಒಮ್ಮೆ ಅದುಮಬೇಕು. ಅದುಮದಿದ್ದರೆ ಬಿಡಿ ಲೆಕ್ಕ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಆದರೆ ವಲ್ಲಿಯ ಕೆಳಗೆ ಒಪ್ಪಿದ್ದನ್ನು ಆಮೇಲೆ ಯಾರೂ ಇಲ್ಲ ಅನ್ನುವ ಹಾಗಿಲ್ಲ. ಅಂದವನ ಅಂಗಡಿಗೆ ಮರುದಿನ ಒಂದು ಗಾಡಿಯೂ ಬರುತ್ತಿರಲಿಲ್ಲ. ಇದನ್ನೆಲ್ಲ ನನಗೆ ಕಲಿಸಿದ್ದು ನಮ್ಮನೆಯವರು. ಹೊಸ ಹೆಂಡತಿಯ ಕೈ ಹಿಡಿದು ಕೂರಲು ಅವರಿಗೂ ಒಂದು ನೆಪ ಬೇಕಿತ್ತು, ನಾನೂ ಬೇಗ ಕಲಿತವಳಂತೆ ತೋರಿಸಿಕೊಳ್ಳಲಿಲ್ಲ.

ಮುಂಗಾರು ಶುರುವಾದರೆ ಹತ್ತಿ ಪೇಟೆಗೆ ಬಿಡುವು. ಆ ಬಿಡುವಿನಲ್ಲೇ ಮಾವನವರಿಗೆ ಹುಚ್ಚು ಹತ್ತಿತು. ಎದುರಿನ ಅಂಗಡಿಯವರು ಇಂಗ್ಲಿಷ್ ಬೋರ್ಡು ಬರೆಸಿದ್ದರು. ಮಾವನವರಿಗೆ ಒಂದು ಅಕ್ಷರ ಇಂಗ್ಲಿಷ್ ಬಾರದು, ಆದರೂ ಆ ಬೋರ್ಡು ಕಣ್ಣಲ್ಲಿ ಕಸ ಬಿದ್ದ ಹಾಗೆ ಚುಚ್ಚುತ್ತಿತ್ತು. ಒಂದು ಮಧ್ಯಾಹ್ನ ಹರಿಹರಕ್ಕೆ ಹೋಗಿ ಬಂದ ಮಾವನವರು ಗೋಣಿಚೀಲವೊಂದನ್ನು ಪಡಸಾಲೆಯಲ್ಲಿ ಧೊಪ್ಪೆಂದು ಕೆಡವಿದರು. ಒಳಗಿನಿಂದ ಗೇಣುದ್ದದ ಎರಕದ ಕಬ್ಬಿಣದ ಅಕ್ಷರಗಳು ಉರುಳಿದವು. ತುಕ್ಕು ಹಿಡಿದಿದ್ದವು, ಅಲ್ಲಲ್ಲಿ ಬಿಳಿ ಬಣ್ಣದ ಹಕ್ಕಳೆ. ಗುಜರಿ ಬಾಷಾ ಸಾಹೇಬರ ಹತ್ತಿರ ವಲ್ಲಿಯ ಕೆಳಗೆ ಚೌಕಾಸಿ ಮಾಡಿ ತೂಕಕ್ಕೆ ತಂದಿದ್ದರು.

"ಯಾವ ಅಕ್ಷರ ಅಂತ ಕೇಳಿದ್ರೇನ್ರಿ?" ಎಂದರು ಅತ್ತೆ.

"ಇಂಗ್ಲಿಷ್ ಅಕ್ಷರ ಅಂತ ಹೇಳ್ದ. ಅಕ್ಷರ ಅಂದ್ರ ಅಕ್ಷರ. ನಮಗ ಬೇಕಾದಂಗೆ ಜೋಡಿಸಿಕೊಂಡ್ರಾತು."

ಹತ್ತಿಯನ್ನು ಬೆರಳಲ್ಲಿ ಎಳೆದು ನಾರಿನ ಉದ್ದ ಹೇಳುವ ಮನುಷ್ಯ ಅಕ್ಷರಗಳನ್ನು ಮಾತ್ರ ಕಣ್ಣುಮುಚ್ಚಿ ಮೂಟೆ ಲೆಕ್ಕದಲ್ಲಿ ಕೊಂಡಿದ್ದರು. ಕನ್ನಡಕ ಏರಿಸಿ ನನ್ನನ್ನು ಕರೆದರು. ಮನೆಯಲ್ಲಿ ಇಂಗ್ಲಿಷ್ ಬಲ್ಲವಳೆಂದರೆ ಇಂಗ್ಲಿಷಿನಲ್ಲಿ ಫೇಲಾದ ನಾನೊಬ್ಬಳೇ. ನಮ್ಮನೆಯವರು ಕನ್ನಡ ಏಳನೆಯ ಇಯತ್ತೆಗೆ ಅಂಗಡಿ ಸೇರಿದವರು.

"ಗಿರಿಜವ್ವಾ, ಇದರಾಗೆ ನನ್ನ ಹೆಸರು ಜೋಡಿಸು."

ನಾನು ಬಾಗಿಲ ಮರೆಯಲ್ಲೇ ನಿಂತು ನೋಡಿದೆ. ಡಿ, ವಿ, ಎನ್, ಜಿ, ಆರ್ ಒಂದೊಂದು. ಎ ಎರಡು, ಇ ಎರಡು. ಒಟ್ಟು ಒಂಬತ್ತು. ಕೊಟ್ರಪ್ಪ ಎಂದು ಬರೆಯಲು ಕೆ ಇಲ್ಲ, ಓ ಇಲ್ಲ, ಟಿ ಇಲ್ಲ, ಪಿ ಇಲ್ಲ.

"ನಿಮ್ಮ ಹೆಸರಿಗೆ ಆರ್ ಒಂದು, ಎ ಎರಡು ಸಿಗ್ತಾವೆ ಮಾವಾರೇ. ಉಳಿದದ್ದು ಸಾಹೇಬರ ಹತ್ರಾನೇ ಐತೆ" ಎಂದೆ.

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ಮಾವನವರಿಗೆ ಮುಖಭಂಗ. ಆದರೆ ಸೋಲೊಪ್ಪುವ ಜೀವವಲ್ಲ. "ಹಂಗಾರ ಇದರಾಗೇ ಯಾವುದಾರ ಚಲೋ ಇಂಗ್ಲಿಷ್ ಹೆಸರು ಹುಡುಕು. ಒಂಬತ್ತೂ ಬರಬೇಕು. ತೂಕ ಮಾಡಿ ತಂದೀನಿ, ಒಂದೂ ಹಾಳಾಗಬಾರ್ದು" ಎಂದರು.

ನನ್ನ ಮಳೆಗಾಲ ಹೀಗೆ ಶುರುವಾಯಿತು. ಊಟದ ಪಾತ್ರೆ ತೊಳೆದಾದ ಮೇಲೆ ಪಡಸಾಲೆಯಲ್ಲಿ ಅಕ್ಷರ ಹರಡಿಕೊಂಡು ಕೂರುವುದು, ಸೀಮೆಎಣ್ಣೆ ಹಾಕಿ ತುಕ್ಕು ಉಜ್ಜುವುದು, ಜೋಡಿಸುವುದು, ಕೆಡಿಸುವುದು. ಹೊರಗೆ ಸೋನೆ ಹಿಡಿದಿರುತ್ತಿತ್ತು. ಮಾವನವರು ಗೋಡೆಗೊರಗಿ ಎಲೆ ಅಡಿಕೆ ಹಾಕಿಕೊಂಡು ನೋಡುತ್ತಿದ್ದರು. ಮೊದಲು ಸಿಕ್ಕಿದ್ದು ಗಾರ್ಡನ್. ಅದರ ಆರು ಅಕ್ಷರಗಳನ್ನೇ ಹಿಂದೆ ಮುಂದೆ ಸರಿಸಿದರೆ ಡೇಂಜರ್. ನನಗೆ ಮೈ ಜುಮ್ಮೆಂದಿತು. ಶಾಲೆಯಲ್ಲಿ ಎರಡನ್ನೂ ಬಾಯಿಪಾಠ ಮಾಡಿದ್ದೆ, ಎರಡೂ ಒಂದೇ ಕಬ್ಬಿಣದಿಂದ ಆದವು ಎಂದು ಯಾವ ಮೇಷ್ಟ್ರೂ ಹೇಳಿರಲಿಲ್ಲ.

"ಏನಂತ ಅದಕ್ಕೆ?"

"ಹಿಂಗಿಟ್ರ ತೋಟ. ಹಿಂಗಿಟ್ರ ಅಪಾಯ."

"ಥೂ, ಅಪಾಯದ ಬೋರ್ಡು ಹಾಕಿದ್ರ ಯಾವ ರೈತ ಬರ್ತಾನೆ? ಕೆಡಿಸು, ಕೆಡಿಸು" ಎಂದರು ಮಾವನವರು, ಅಲ್ಲೇ ನೆಲದ ಮೇಲಿದ್ದರೂ ಅಪಶಕುನ ಎನ್ನುವ ಹಾಗೆ.

ನನ್ನ ಹತ್ತಿರ ಇದ್ದದ್ದು ಶಾಲೆಯ ಚಿಕ್ಕ ಡಿಕ್ಷನರಿ. ಅದು ಎರಡು ದಿನಕ್ಕೇ ಸಾಲದಾಯಿತು. ನಮ್ಮನೆಯವರು ಬಾಯಲ್ಲಿ ಏನೂ ಹೇಳದವರು, ಒಂದು ಸಂಜೆ ಮಿಲ್ಲಿನ ಆಫೀಸಿನ ಗುಮಾಸ್ತರಿಂದ ಇಟ್ಟಿಗೆಯಷ್ಟು ದಪ್ಪದ ಇಂಗ್ಲಿಷ್ ಡಿಕ್ಷನರಿಯನ್ನು ಛತ್ರಿಯೊಳಗೆ ಅಡಗಿಸಿಕೊಂಡು ತಂದುಕೊಟ್ಟರು. ಮಧ್ಯೆ ಮಧ್ಯೆ ಸಣ್ಣ ಚಿತ್ರಗಳಿದ್ದವು. ಅಲ್ಲಿಂದ ನನಗೆ ಊಟ ತಿಂಡಿ ಬೇಡವಾಯಿತು ಎನ್ನಿ. ಎ ಇಂದ ಹಿಡಿದು ಒಂದೊಂದೇ ಪುಟ, ನನ್ನ ಒಂಬತ್ತು ಅಕ್ಷರ ಬಿಟ್ಟು ಬೇರೆ ಅಕ್ಷರ ಬಂದ ಶಬ್ದವನ್ನು ದಾಟುತ್ತಾ ಹೋಗುವುದು. ಹಾಗೆ ಹೋಗುವಾಗ ಎ ಜಿ ಎ ವಿ ಇ ಎಂಬ ಶಬ್ದದ ಪಕ್ಕದಲ್ಲಿ ಒಂದು ಚಿತ್ರ ಕಂಡೆ. ಹೇಗೆ ಓದಬೇಕೋ ತಿಳಿಯದು, ಚಿತ್ರ ಮಾತ್ರ ಚೆನ್ನಾಗಿ ಗೊತ್ತು. ನಮ್ಮ ಕತ್ತಾಳೆ! ಹೊಲದ ಬದುವಿನಲ್ಲಿ, ಹಳಿಯ ಪಕ್ಕದಲ್ಲಿ, ದನ ಬಾರದಿರಲೆಂದು ನೆಡುವ ಮುಳ್ಳು ಕತ್ತಾಳೆ ಅಷ್ಟು ದೊಡ್ಡ ಪುಸ್ತಕದಲ್ಲಿ ಬಿಳಿ ಸಾಹೇಬನ ಹೆಸರಿಟ್ಟುಕೊಂಡು ಕೂತಿತ್ತು.

ಇನ್ನೊಂದು ದಿನ ಆರ್ ಎ ಜಿ ಇ ಇ ಸಿಕ್ಕಿತು. ಅರ್ಥ ನೋಡಿದರೆ ರಾಗಿ. ಅತ್ತೆಗೆ ಹೇಳಿದೆ. ಅವರು ಬೀಸುವ ಕಲ್ಲು ನಿಲ್ಲಿಸಿ, "ರಾಗೀನೂ ಇಂಗ್ಲಿಷೇ? ಹಂಗಾರ ನಾನು ಮೂವತ್ತು ವರ್ಷದಿಂದ ಇಂಗ್ಲಿಷ್ ಬೀಸಾಕತ್ತೀನಿ, ನನಗ್ಯಾರೂ ಪಾಸು ಅನ್ನಲಿಲ್ಲ" ಎಂದರು. ಡಿ ಆರ್ ಎ ಜಿ ಇ ಇ ಎಂದು ಮತ್ತೊಂದು. ಬೀಜಕ್ಕೋ ಬಾದಾಮಿಗೋ ಸಕ್ಕರೆ ಪಾಕ ಹಿಡಿಸಿದ ಮಿಠಾಯಿಯಂತೆ. ನಮ್ಮ ಸಂಕ್ರಾಂತಿಯ ಕುಸುರೆಳ್ಳಿನ ದೂರದ ನೆಂಟ. ವೆರಾಂಡ ಸಿಕ್ಕಿದಾಗ ಮಾವನವರು, "ವರಾಂಡ ನಮ್ಮ ಮಾತಲ್ಲೇನು? ಅವರು ಯಾವಾಗ ಒಯ್ದರು?" ಎಂದು ನಿಜವಾಗಿಯೂ ಸಿಟ್ಟಾದರು. ನನಗೋ, ಈ ಭಾಷೆ ಇಷ್ಟು ವಿಚಿತ್ರದ್ದು, ಇಷ್ಟು ತಮಾಷೆಯದ್ದು ಎಂದು ಯಾಕೆ ಯಾರೂ ಮುಂಚೆ ಹೇಳಲಿಲ್ಲ ಎಂದು ಬೇಜಾರು. ಶಾಲೆಯಲ್ಲಿ ಇಂಗ್ಲಿಷ್ ಎಂದರೆ ಬೆತ್ತ. ಇಲ್ಲಿ ಕೈಯಲ್ಲಿ ಹಿಡಿದು ತೂಗಬಹುದಿತ್ತು, ತಿರುಗಿಸಬಹುದಿತ್ತು.

ಆದರೆ ಒಂಬತ್ತೂ ಸೇರುವ ಶಬ್ದ ಬರಲಿಲ್ಲ. ಆಟ ಮುಗಿದ ಮೇಲೆ ಅಕ್ಷರಗಳು ಅತ್ತೆಯ ವಶವಾಗುತ್ತಿದ್ದವು. ಡಿ ನೀರಿನ ಕೊಡದ ಕೆಳಗೆ ಹೋಯಿತು. ಜಿಯ ಕೊಕ್ಕೆಗೆ ಬಾವಿ ಹಗ್ಗ ತೂಗಿತು. ಎರಡು ಇ ಅಕ್ಷರಗಳ ಮೇಲೆ ಒಲೆಯಿಂದ ಇಳಿಸಿದ ಪಾತ್ರೆ. ವಿ ಹಿತ್ತಿಲ ಬಾಗಿಲಿಗೆ ಒತ್ತು. ಪ್ರತಿ ಮಧ್ಯಾಹ್ನ ನಾನು ಮನೆಯೆಲ್ಲ ಸುತ್ತಿ ಅವನ್ನು ಹುಡುಕಿ ತರಬೇಕಿತ್ತು.

ಇಷ್ಟರಲ್ಲಿ ಅಪ್ಪನ ಕಾಗದ ಬಂತು. ಅಕ್ಟೋಬರ್ ಪರೀಕ್ಷೆಯ ಫೀಸನ್ನು ನಾಗರ ಪಂಚಮಿಯ ವಾರದೊಳಗೆ ಹರಿಹರದ ಶಾಲೆಯಲ್ಲಿ ಕಟ್ಟಬೇಕು, ಬೀಗರನ್ನು ಕೇಳಿ ನೋಡು ಎಂದು ಬರೆದಿದ್ದರು. ಎದೆ ಗಟ್ಟಿಮಾಡಿ ಮಾವನವರನ್ನು ಕೇಳಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಿದ್ದವರು ಕೈ ನಿಲ್ಲಿಸಿದರು.

"ಮತ್ತೆ ಕೂತು ಮತ್ತೆ ಡುಮ್ಕಿ ಹೊಡದ್ರ? ಒಂದ್ಸಲ ಫೇಲಾದ್ರ ಮೇಷ್ಟ್ರ ಮಗಳು ಅಂತಾರ. ಎರಡನೇ ಸಲ ಆದ್ರ ಕೊಟ್ರಪ್ಪನ ಸೊಸಿ ಅಂತಾರ. ಪ್ಯಾಟ್ಯಾಗೆ ನಾನು ಮುಖ ಹೆಂಗೆ ತೋರಿಸ್ಲಿ?"

"ಓದಿ ಈಕಿ ಏನ್ ಕಡಿದು ಕಟ್ಟಿ ಹಾಕ್ಬೇಕಾಗೈತಿ?" ಎಂದು ಅತ್ತೆಯೂ ಒಳಗಿನಿಂದ ಸೇರಿಸಿದರು.

ನನಗೆ ಅಳು ಬಂತು. ಆದರೆ ಕಣ್ಣೀರಿಗಿಂತ ಮುಂಚೆ ಬಾಯಿ ಬರುವುದು ನನ್ನ ಹುಟ್ಟುಗುಣ. "ಇಂಗ್ಲಿಷ್ ಬರಲ್ಲ ಅಂದ್ರ ದಿನಾ ಮಧ್ಯಾಹ್ನ ಇಲ್ಲಿ ಯಾರನ್ನ ಕೂರಿಸಿಕೊಂಡು ಕೇಳ್ತೀರಿ ಮಾವಾರೇ?" ಎಂದುಬಿಟ್ಟೆ.

ಮಾವನವರು ನನ್ನನ್ನು ನೋಡಿದರು, ನೆಲದ ಮೇಲಿನ ಅಕ್ಷರ ನೋಡಿದರು. ಆಮೇಲೆ ದಲ್ಲಾಳಿಯ ದನಿಯಲ್ಲಿ, "ಆತು. ಒಂಬತ್ತೂ ಹಿಡಿಯೋ ಒಂದು ಇಂಗ್ಲಿಷ್ ಮಾತು ಮಾಡಿ ಕೊಡು. ಪಂಚಮಿ ವಾರದೊಳಗೆ. ಕೊಟ್ರ ನಾನೇ ಕರಕೊಂಡು ಹೋಗಿ ಫೀಸು ಕಟ್ತೀನಿ. ಕೊಡಲಿಲ್ಲಾಂದ್ರ ಪರೀಕ್ಷಿ ಮಾತು ಈ ಮನ್ಯಾಗೆ ಮತ್ತ ಎತ್ತಬ್ಯಾಡ" ಎಂದರು.

"ಬಾಯಿ ಮಾತು ಒಲ್ಲೆ. ವಲ್ಲಿ ಹಾಕ್ರಿ."

ನನ್ನ ಬಾಯಿಂದ ಅದು ಹೇಗೆ ಬಂತೋ ಶಿವನೇ ಬಲ್ಲ. ಆಗಿನ ಕಾಲದಲ್ಲಿ ಮಾವನ ಎದುರು ಸೊಸೆ ಕೂರುವ ಹಾಗಿರಲಿಲ್ಲ, ಕೈ ಮುಟ್ಟುವ ಮಾತು ದೂರ. ಅತ್ತೆ ಹಿಟ್ಟಿನ ಕೈಯಲ್ಲೇ ಓಡಿಬಂದರು. "ಅಯ್ಯ ನನ ಶಿವನೇ! ಸೊಸಿ ಕೈ ಹಿಡಿಯೋ ಮಾವನ್ನ ಎಲ್ಲಾರ ಕಂಡೀರೇನು? ನೆರಿಯಾರು ನೋಡ್ಯಾರು!"

ಮಾವನವರು ನಿಧಾನವಾಗಿ ಹೆಗಲ ಮೇಲಿನ ವಲ್ಲಿ ತೆಗೆದು ಕೊಡವಿದರು. "ವಲ್ಲಿ ಕೆಳಗ ಮಾವನೂ ಇಲ್ಲ, ಸೊಸಿನೂ ಇಲ್ಲ. ಎರಡು ಕೈ ಅದಾವೆ, ಅಷ್ಟೇ" ಎಂದು ಕೈ ಚಾಚಿ ಅದರ ಮೇಲೆ ವಲ್ಲಿ ಹರಡಿದರು. ನಾನು ಕೈ ತೂರಿಸಿದೆ. ಅವರ ಅಂಗೈ ಹಲಗೆಯ ಹಾಗೆ ಗಡುಸಾಗಿತ್ತು. ಮೊದಲು ಇಡೀ ಕೈ ಹಿಡಿದೆ. ಆಮೇಲೆ ನಾಲ್ಕು ಬೆರಳು. ಒಂಬತ್ತು. ಅವರ ಹುಬ್ಬು ಮೇಲೇರಿತು. ಮಗ ಹೆಂಡತಿಗೆ ಏನೇನು ಕಲಿಸಿದ್ದಾನೆಂದು ಆಗಲೇ ಗೊತ್ತಾದದ್ದು. ತಲೆ ಆಡಿಸಿದರು. ವ್ಯಾಪಾರ ಮುಗಿಯಿತು.

ಅಲ್ಲಿಂದ ಮುಂದೆ ನನಗೆ ಆಟ ಆಟವಾಗಿ ಉಳಿಯಲಿಲ್ಲ. ರೊಟ್ಟಿ ಬಡಿಯುವಾಗ ಹಿಟ್ಟಿನ ಮೇಲೆ ಅಕ್ಷರ ಬರೆಯುತ್ತಿದ್ದೆ. ಏಳರವರೆಗೆ ಹೋದೆ: ಗ್ರೆನೇಡ್, ಕೈಯಲ್ಲಿ ಎಸೆಯುವ ಬಾಂಬು. ಅದನ್ನು ಮಾವನವರಿಗೆ ಹೇಳುವ ಧೈರ್ಯವಾಗಲಿಲ್ಲ. ಪಂಚಮಿಗೆ ಇನ್ನು ನಾಲ್ಕೈದು ದಿನ ಇದೆ ಎನ್ನುವಾಗ ಎಂಟಕ್ಕೆ ಬಂದೆ. ಎನ್‌ಗ್ರೇವ್ಡ್. ಕಲ್ಲಿನಲ್ಲೋ ಲೋಹದಲ್ಲೋ ಕೆತ್ತಿದ್ದು ಎಂದರ್ಥ. ಕಿರುಚಿಕೊಂಡು ಎದ್ದೆ, ಆಮೇಲೆ ನೆಲ ನೋಡಿದೆ. ಒಂದು ಎ ಉಳಿದಿತ್ತು. ಎಂಟು ಸಾಲಾಗಿ ನಿಂತಿವೆ, ಇದೊಂದು ಪಕ್ಕದಲ್ಲಿ ಕಾಲು ಅಗಲಿಸಿಕೊಂಡು ನನ್ನನ್ನೇ ನೋಡುತ್ತಿದೆ.

"ಒಂದೇ ಅಲ್ಲೇನವ್ವಾ ಉಳಿದದ್ದು?" ಎಂದರು ಮಾವನವರು. ದನಿಯಲ್ಲಿ ಮರುಕವಿತ್ತು. ಅದು ನನಗೆ ಇನ್ನೂ ಸಂಕಟವಾಯಿತು.

"ಒಂದೇ."

"ವಲ್ಲಿ ಕೆಳಗ ಹಿಡಿದದ್ದು ಒಂಬತ್ತು."

"ಗೊತ್ತೈತ್ರಿ" ಎಂದೆ. ಒಳಗೆ ಹೋಗಿ ನೀರೊಲೆಯ ಮುಂದೆ ಕೂತು ಅತ್ತುಬಿಟ್ಟೆ. ಹೊಗೆಗೆ ಎಂದು ಹೇಳಿಕೊಳ್ಳಲು ಅದೇ ಅನುಕೂಲದ ಜಾಗ.

ಪಂಚಮಿಗೆ ಕರೆದೊಯ್ಯಲು ಅಣ್ಣ ಬಂದ. ಮದುವೆಯಾದ ಮೊದಲ ಪಂಚಮಿ, ತವರಿಗೆ ಹೋಗಲೇಬೇಕು. ಯಾವ ಹೆಣ್ಣಿಗಾದರೂ ಕುಣಿಯುವ ಹೊತ್ತು. ನನಗೆ ಮಾತ್ರ ಕಾಲಲ್ಲಿ ಕಲ್ಲು ಕಟ್ಟಿದಂತಿತ್ತು. ಹರಿಹರಕ್ಕೆ ಹೋಗಿ ಶಾಲೆಯ ಮುಂದೆಯೇ ಓಡಾಡಬೇಕು, ಫೀಸು ಕಟ್ಟುವ ಹಾಗಿಲ್ಲ. ರೈಲು ಹತ್ತಿ ಕಿಟಕಿಯ ಪಕ್ಕ ಕೂತೆ. ತವರಿಗೆ ಹೊರಟವಳ ತಲೆ ಮೇಲೆ ಸೆರಗು ಎಷ್ಟು ಹೊತ್ತು ನಿಲ್ಲುತ್ತದೆ? ಜಾರಿತು. ಗಾಡಿ ನಿಧಾನಕ್ಕೆ ಚಲಿಸಿತು. ಪ್ಲಾಟ್‌ಫಾರಂ ಮುಗಿಯುವಲ್ಲಿ ಹೊಸದಾಗಿ ಕಟ್ಟಿದ ಸಿಮೆಂಟಿನ ಬೋರ್ಡು, ಹಳದಿ ಬಣ್ಣದ ಮೇಲೆ ಕಪ್ಪು ಅಕ್ಷರ. ಮೊದಲು ಕನ್ನಡದಲ್ಲಿ ಊರ ಹೆಸರು. ಅದರಡಿ ಹಿಂದಿ. ಅದರಡಿ ಇಂಗ್ಲಿಷ್. ಡಿ. ಎ. ವಿ. ಎ. ಎನ್. ಜಿ. ಇ. ಆರ್. ಇ.

ಬೆರಳು ಮಡಚಿ ಎಣಿಸಿದೆ. ಬೋರ್ಡಿನ ಪಕ್ಕದಲ್ಲಿ ಎರಡು ಹಳೆ ಕಂಬ, ನಡುವೆ ಬೋಳು ಕಬ್ಬಿಣದ ಪಟ್ಟಿ, ಅದರ ಮೇಲೆ ಬೋಲ್ಟು ಕಿತ್ತ ತೂತುಗಳು. ನಮ್ಮ ಪಡಸಾಲೆಗೆ ಬಂದದ್ದು ಆ ಪಟ್ಟಿಯಿಂದ ಕಿತ್ತ ಅಕ್ಷರಗಳೇ.

"ಅಯ್ಯೋ ನನ್ನ ಬುದ್ಧಿಗೆ ಬೆಂಕಿ ಬೀಳ!" ಎಂದು ಕೂಗಿದೆ. ಅಣ್ಣ ಗಾಬರಿಯಾಗಿ ಚೈನು ಎಳೆಯಲು ಎದ್ದ. ಕಣ್ಣು ಕೆಂಪಾಗುವ ತನಕ ಡಿಕ್ಷನರಿ ಬಗೆದಿದ್ದೆ, ಇಂಗ್ಲಿಷ್ ಶಬ್ದ, ಇಂಗ್ಲಿಷ್ ಶಬ್ದ ಎಂದು. ನಾನು ಬಾಳುವ ಊರನ್ನು ಯಾವ ಡಿಕ್ಷನರಿಯಲ್ಲಿ ಹುಡುಕಲಿ? ತಲೆ ತಗ್ಗಿಸಿ ಇಳಿದ ಮದುಮಗಳಿಗೆ ಬೋರ್ಡು ಕಾಣುವುದಾದರೂ ಹೇಗೆ? ತವರಿಗೆ ಬರೆದ ಕಾಗದಗಳೆಲ್ಲ ಕನ್ನಡದಲ್ಲಿ. ಮಾವನವರ ಟೆಲಿಗ್ರಾಂಗಳನ್ನು ಅಂಚೆಯವರೇ ಇಂಗ್ಲಿಷ್ ಮಾಡಿಕೊಳ್ಳುತ್ತಿದ್ದರು. ಮನೆ ಮಂದಿಯೆಲ್ಲ ದಾವಣಗೆರೆಯಲ್ಲೇ ಕೂತು ದಾವಣಗೆರೆಯನ್ನು ಕೆಡಿಸಿ ಜೋಡಿಸಿ ಮಾಡಿದ್ದೆವು.

ಹರಿಹರದಲ್ಲಿ ಜೋಕಾಲಿ ಕಟ್ಟಿದ್ದರು, ಅವ್ವ ಉಂಡೆ ಕಟ್ಟಿದ್ದಳು. ಯಾವುದೂ ಬಾಯಿಗೆ ಹತ್ತಲಿಲ್ಲ. ಹಬ್ಬದ ಮರುದಿನವೇ "ವಾಪಸ್ ಹೋಗ್ತೀನಿ" ಎಂದೆ. ಅವ್ವ ಎದೆ ಮೇಲೆ ಕೈಯಿಟ್ಟುಕೊಂಡಳು. "ಅಲ್ಲೇನಾರ ಜಗಳಾತೇನೇ? ಮೊದಲ ಪಂಚಮಿಗೆ ಬಂದ ಮಗಳು ಹಿಂಗೆ ಓಡಿ ಹೋದ್ರ ಮಂದಿ ಏನಂದಾರು?" ಮಂದಿ ಏನಾದರೂ ಅನ್ನಲಿ, ಫೀಸು ಕಟ್ಟಲು ಎರಡೇ ದಿನ ಉಳಿದಿತ್ತು. ಅಪ್ಪ ಮಾತ್ರ ನನ್ನ ಮುಖ ನೋಡಿ, "ಹೋಗ್ಲಿ ಬಿಡು" ಎಂದು ಅಣ್ಣನನ್ನು ಜೊತೆ ಮಾಡಿದರು, ಬೀಗರಿಗೆ ಹೇಳಿಯೂ ಕಳಿಸಿದರು.

ದಾವಣಗೆರೆಯಲ್ಲಿ ಇಳಿದರೆ ಎದುರಿಗೆ ಮಾವನವರೇ ನಿಂತಿದ್ದರು. ರುಮಾಲು ಸೊಟ್ಟಗಾಗಿತ್ತು.

"ಏನಾತವ್ವಾ? ಮೈಯಾಗ ಆರಾಮಿಲ್ಲೇನು? ಮನ್ಯಾಗೆ ಯಾರಾರ ಏನಾರ ಅಂದ್ರಾ?"

ನಾನು ಸೀದಾ ಪ್ಲಾಟ್‌ಫಾರಂ ಕೊನೆಯವರೆಗೆ ನಡೆದೆ. ಅವರು ಹಿಂದೆ ಬಂದರು, ಅಣ್ಣ ಅವರ ಹಿಂದೆ. ಬೋರ್ಡಿನ ಕೆಳಗೆ ನಿಂತು ನಾನೇ ಮೊದಲು ತಲೆ ಎತ್ತಿದೆ.

"ಮ್ಯಾಲೆ ನೋಡ್ರಿ ಮಾವಾರೇ."

"ದಾವಣಗೆರೆ. ಅದಕ್ಕೇನಾತು?"

"ಎಲ್ಲಾದ್ರಕಿಂತ ಕೆಳಗಿಂದು ನೋಡ್ರಿ."

ಮಾವನವರಿಗೆ ಅದು ಓದಲು ಬಾರದು. ಆದರೆ ಎರಡು ತಿಂಗಳಿಂದ ಆ ಅಕ್ಷರಗಳ ನಡುವೆಯೇ ಬಾಳಿದವರು. ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ಒಂದೊಂದನ್ನೇ ಗುರುತು ಹಿಡಿದರು. "ಇದು ಕೊಡದ ಕೆಳಗಿಂದು... ಇದು ಕಾಲು ಅಗಲಿಸಿದ್ದು... ಇದು ಹಿತ್ತಿಲ ಬಾಗಲದ್ದು... ಇದು ಹಗ್ಗ ತೂಗೋದು..." ಪಾತ್ರೆ ಇಡುವ ಕೊನೆಯ ಇ ಅಕ್ಷರಕ್ಕೆ ಬಂದಾಗ ಬಾಯಿ ತೆರೆದೇ ಉಳಿಯಿತು.

"ಎಲಾ ಇವನಾ! ಆ ಸಾಹೇಬ ನಮ್ಮೂರನ್ನೇ ನನಗ ತೂಕಕ್ಕೆ ಮಾರ್ಯಾನಲ್ಲೋ!"

ಅಣ್ಣ ನಕ್ಕ. ಮಾವನವರು ನಗಲಿಲ್ಲ. ಅವರೊಳಗಿನ ದಲ್ಲಾಳಿ ಎಚ್ಚರವಾಗಿದ್ದ. "ಆದ್ರ ಗಿರಿಜವ್ವ, ನಾನು ಕೇಳಿದ್ದು ಇಂಗ್ಲಿಷ್ ಮಾತು. ಇದು ಊರು. ಊರಿನ ಹೆಸರು ಇಂಗ್ಲಿಷ್ ಹೆಂಗಾತು?"

ಇದನ್ನೇ ಕೇಳುತ್ತಾರೆ ಎಂದು ನನಗೆ ಗೊತ್ತಿತ್ತು. ಜೋಕಾಲಿಯ ಮೇಲೆ ಕೂತು ಇಡೀ ದಿನ ಯೋಚಿಸಿದ್ದೆ.

"ಬಾಯಾಗೆ ನೀವು ಏನಂದ್ರೋ ನಾನು ಕೇಳೋದಿಲ್ಲ. ಪ್ಯಾಟ್ಯಾಗೆ ಬಾಯಿ ಮಾತಿಗೆ ಬೆಲೆ ಐತೇನ್ರಿ? ವಲ್ಲಿ ಕೆಳಗ ಹಿಡಿದದ್ದು ಒಂಬತ್ತು. ಇಂಗ್ಲಿಷ್ ಅಂತ ಹಿಡಿಯಾಕ ಯಾವ ಬೆರಳೈತೆ, ತೋರಿಸ್ರಿ."

ಅವರು ತಮ್ಮ ಬಲಗೈಯನ್ನು ಮುಖದ ಮುಂದೆ ತಂದು ನಿಜವಾಗಿಯೂ ನೋಡಿಕೊಂಡರು. ಆಮೇಲೆ ನಗತೊಡಗಿದರು, ಹಮಾಲಿಗಳು ತಿರುಗಿ ನೋಡುವಷ್ಟು ಜೋರು. "ದಲ್ಲಾಳಿ ಮನಿಗೆ ಸೊಸಿ ತಂದೀನಿ ಅನ್ಕಂಡಿದ್ದೆ, ದಲ್ಲಾಳೀನೇ ತಂದೀನಿ. ನಡಿ, ಹರಿಹರದ ಗಾಡಿ ಎಷ್ಟೊತ್ತಿಗೈತೆ ಕೇಳು" ಎಂದರು ಅಣ್ಣನಿಗೆ. ಮನೆಗೂ ಹೋಗಲಿಲ್ಲ. ಬಂದ ದಾರಿಯಲ್ಲೇ ಮೂವರೂ ಮತ್ತೆ ಹೊರಟೆವು.

ದಾರಿಯಲ್ಲಿ ಮಾವನವರಿಗೆ ಸುಮ್ಮನೆ ಕೂರಲಾಗಲಿಲ್ಲ. "ನಿಮ್ಮೂರಿನ ಅಕ್ಷರದಾಗೆ ಏನೇನು ಬರ್ತೈತೆ?" ಎಂದರು. ಅಕ್ಷರದಲ್ಲಿ ಹರಿಹರ ಬಡವ. ಏರ್ ಎಂದರೆ ಗಾಳಿ, ಹೇರ್ ಎಂದರೆ ಕೂದಲು, ಅಷ್ಟೇ. ಆಮೇಲೆ ಡಿಕ್ಷನರಿಯಲ್ಲಿ ಎಂದೋ ಕಂಡದ್ದು ನೆನಪಾಯಿತು: ಹಾಹಾ. ದೊಡ್ಡವರ ತೋಟಕ್ಕೆ ದನ ನುಗ್ಗದಿರಲೆಂದು ಸುತ್ತ ತೋಡುವ ಕಂದಕಕ್ಕೆ ಇಂಗ್ಲಿಷಿನವರು ಹಾಹಾ ಅನ್ನುತ್ತಾರಂತೆ. "ದನ ಬಿದ್ರ ನಗ್ತಾರೇನು ಅವರು?" ಎಂದು ಮಾವನವರು ಕಿಟಕಿಯ ಆಚೆ ಕತ್ತಾಳೆಯ ಸಾಲು ನೋಡುತ್ತಾ ಹರಿಹರ ಬರುವ ತನಕ ಅದನ್ನೇ ಯೋಚಿಸುತ್ತಿದ್ದರು.

ಫೀಸು ಕಟ್ಟಿದರು. ಅಕ್ಟೋಬರಿನಲ್ಲಿ ಪರೀಕ್ಷೆಗೂ ಅವರೇ ಕರೆದೊಯ್ದರು, ಬೇವಿನ ಮರದ ಕೆಳಗೆ ವಲ್ಲಿ ಹಾಸಿಕೊಂಡು ಕಾದರು. ಪ್ರಶ್ನೆಪತ್ರಿಕೆಯಲ್ಲಿ ಕತ್ತಾಳೆಯೂ ಇರಲಿಲ್ಲ, ಕುಸುರೆಳ್ಳೂ ಇರಲಿಲ್ಲ. ಬರೀ ವ್ಯಾಕರಣ, ನನ್ನ ಹಳೆಯ ಹಗೆ. ಹೊರಗೆ ಬಂದಾಗ "ಹೆಂಗಾತು?" ಎಂದರು. "ತಿಳಿಯದ್ರಿ" ಎಂದೆ. ನಿಜವಾಗಿಯೂ ತಿಳಿಯದು. ದೀಪಾವಳಿಗೆ ಒಂಬತ್ತೂ ಅಕ್ಷರ ಅಂಗಡಿಯ ಮೇಲೇರಿದವು. "ಕೊಟ್ರಪ್ಪನ ಅಂಗಡಿ ಮುಂದೆ ರೈಲು ನಿಲ್ತೈತಂತೆ" ಎಂದು ಪೇಟೆಯೆಲ್ಲ ನಕ್ಕಿತು. ಸ್ಟೇಷನ್ ಅಂಗಡಿ ಎಂದೇ ಹೆಸರಾಯಿತು, ಎದುರಿನವರ ಬೋರ್ಡನ್ನು ಯಾರೂ ನೋಡದಾದರು.

ಹತ್ತಿ ಪೇಟೆ ತುಂಬಿ ತುಳುಕುವ ದಿನಗಳು ಬಂದವು. ಒಂದು ಸಂಜೆ ಮಾವನವರು ಹರಿಹರದಿಂದ ಬಂದರು. ಮುಂಜಾನೆ ಪೇಟೆಯಿಂದಲೇ ಹೋಗಿದ್ದರೇನೋ, ಹುಬ್ಬಿನಲ್ಲಿ, ಮೀಸೆಯಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡಿತ್ತು. ಶಾಲೆಗೆ ಹೋಗಿ ಫಲಿತಾಂಶ ಕೇಳಿ ಬಂದಿದ್ದಾರೆಂದು ಮುಖ ನೋಡಿದೊಡನೆ ಗೊತ್ತಾಯಿತು. ಏನೆಂದು ಮಾತ್ರ ಗೊತ್ತಾಗಲಿಲ್ಲ. ದಲ್ಲಾಳಿಯ ಮುಖ ಎಂದಾದರೂ ದರ ಬಿಟ್ಟುಕೊಟ್ಟೀತೇ? ಪಡಸಾಲೆಯಲ್ಲಿ ಕೂತು ನೀರು ಕುಡಿದರು. ಆಮೇಲೆ ಹೆಗಲ ವಲ್ಲಿ ತೆಗೆದು ಕೊಡವಿದರು, ಕೈ ಚಾಚಿ ಮೇಲೆ ಹರಡಿದರು. ಅತ್ತೆ ಈ ಸಲ ಬಾಗಿಲಿಗೆ ಒರಗಿ ನಿಂತರು. ನಮ್ಮನೆಯವರು ಅವರ ಹಿಂದೆ.

ಕೈ ತೂರಿಸಿದೆ. ಅವರು ನನ್ನ ಮೂರು ಬೆರಳು ಹಿಡಿದು ಗಟ್ಟಿಯಾಗಿ ಅದುಮಿದರು.

ಮೂವತ್ತು. ಮೂವತ್ತೈದಾಗದಿದ್ದರೆ ಪಾಸಿಲ್ಲ. ಅವರು ಬೆರಳು ಬಿಟ್ಟರು. ವಲ್ಲಿಯ ಕೆಳಗೆ ಅವರ ಕೈ ಸುಮ್ಮನಿತ್ತು. ಅವರ ಮುಖ ನೋಡಿದೆ, ಅಲ್ಲಿ ಏನೂ ಇರಲಿಲ್ಲ. ಒಂದು ಬೆರಳು ಹಿಡಿಯುತ್ತಾರೋ, ಎರಡೋ, ನಾಲ್ಕೋ, ಎಷ್ಟು ಹಿಡಿದರೂ ಸಾಲದು ಎಂದು ಕಣ್ಣು ಮುಚ್ಚಿಕೊಂಡೆ.

ಆ ಗಡುಸು ಅಂಗೈ ನನ್ನ ಇಡೀ ಕೈಯನ್ನು ಹಿಡಿಯಿತು. ಐದು. ವಲ್ಲಿ ಜಾರಿ ನೆಲಕ್ಕೆ ಬಿತ್ತು. ಎಲ್ಲರೂ ನೋಡುತ್ತಿದ್ದರೂ ಮಾವನವರು ಕೈ ಬಿಡಲಿಲ್ಲ.